ಉಪವಾಸದ ಅಕ್ಕೋರು

"ಐದ ಗಂಟೆ ತನಕ ಹೊಟ್ಟಿ ಬಂದ್ ಆಗೂವಂಥಾ ಔಷಧ ಏನರ ಐತೇನ್ರಿ ಬಾಯಾರ?"

ಹೀಗೆ ಕೇಳಿಕೊಂಡು ಆಕೆ ಬಂದಾಗ ನಾನು ದವಾಖಾನೆಯ ಸ್ಟೋವ್ ಹಚ್ಚಿ ಸಿರಿಂಜುಗಳನ್ನು ಕುದಿಯಲು ಇಡುತ್ತಿದ್ದೆ. ಡಾಕ್ಟರು ಇನ್ನೂ ಬಂದಿರಲಿಲ್ಲ. ತಲೆ ತುಂಬ ಸೆರಗು ಹೊದ್ದು, ಪುಸ್ತಕದ ಚೀಲವನ್ನು ಹೊಟ್ಟೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವ ಅಕ್ಕೋರು ಎಂದು ಗುರುತು ಹತ್ತಿತು. ಭೇದಿ ನಿಲ್ಲಿಸುವ ಔಷಧ ಕೇಳುವವರನ್ನು ನಾನು ದಿನಾ ನೋಡುತ್ತಿದ್ದೆ. ಸಾಲೆ ಬಿಡುವ ತನಕ ನಿಂತರೆ ಸಾಕು, ಆಮೇಲೆ ಏನಾದರೂ ಆಗಲಿ ಎಂದವಳು ಈಕೆ ಒಬ್ಬಳೇ.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಇಂಡಿ ಹತ್ತಿರದ ಸಾಲೋಟಗಿಯ ಮುಸಲ್ಮಾನರ ಮನೆಯವಳು, ಬಸವನ ಬಾಗೇವಾಡಿಯ ದವಾಖಾನೆಯಲ್ಲಿ ನರ್ಸ್. ಅಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಹೆರಿಗೆ, ಹುಣ್ಣು ಕಟ್ಟುವುದು, ಸಿಡುಬು ಬಾರದಂತೆ ದೇವಿ ಚುಚ್ಚುವುದು, ಗಂಡ ಹೊಡೆದ ಗಾಯ, ಎಲ್ಲ ನನ್ನ ಕೊರಳಿಗೇ ಬರುತ್ತಿತ್ತು. ಮನೆಗೆ ಹೋಗಿ ಕಾಲು ಚಾಚಿದರೆ ಊಟಕ್ಕೆ ಏಳುವ ಮನಸ್ಸು ಇರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಕೆಯ ಮೇಲೆ ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು.

"ಎಷ್ಟ ದಿನಾತು?"

"ಹೋದ ಸುಗ್ಗಿಯಿಂದ್ರಿ."

"ಸುಗ್ಗಿಯಿಂದ ಏನ ಮಾಡಾಕತ್ತಿದ್ರಿ? ರಕ್ತ ಬೀಳತದೇನು?"

ಆಕೆ ನೆಲ ನೋಡುತ್ತ ತಲೆ ಆಡಿಸಿದಳು. ಅದೇ ಉತ್ತರ.

ನಮ್ಮ ಡಾಕ್ಟರು ವಯಸ್ಸಾದವರು, ಒಳ್ಳೆಯವರು, ನನ್ನಷ್ಟೇ ದಣಿದವರು. ಮಲ ಪರೀಕ್ಷೆ ಆಗದೆ ಔಷಧ ಕೊಡುವುದಿಲ್ಲ ಎಂದರು. ಮಲ ಬೆಚ್ಚಗಿರುವಾಗಲೇ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು, ತಣ್ಣಗಾದರೆ ಅದರೊಳಗಿನ ಕ್ರಿಮಿ ಅಲುಗಾಡುವುದಿಲ್ಲ, ಗುರುತು ಸಿಗುವುದಿಲ್ಲ. ಇದನ್ನು ತಿಳಿಸಿ ಹೇಳಿ ಒಂದು ಮುಚ್ಚಳದ ಡಬ್ಬಿ ಕೊಟ್ಟೆ. ಡಬ್ಬಿ ತೆಗೆದುಕೊಂಡು ಹೋದವಳು ಮತ್ತೆ ಮುಖ ತೋರಿಸಲಿಲ್ಲ. ಬಜಾರದಲ್ಲಿ ನನ್ನನ್ನು ಕಂಡರೆ ಓಣಿ ತಿರುಗುತ್ತಿದ್ದಳು. ಕಡೆಗೆ ಒಂದು ಬೆಳಗಿನ ಜಾವ ನಾನೇ ಆಕೆಯ ಮನೆಯ ಮುಂದೆ ನಿಂತು, ತಂಬಿಗೆ ಹಿಡಿದು ಹೊರಗೆ ಬಂದವಳ ಜೊತೆ ಹಳ್ಳದ ಆಚೆಯ ಜಾಲಿ ಕಂಟಿಯ ತನಕ ನಡೆದೆ. ಊರ ಹೆಂಗಸರೆಲ್ಲ ಹೋಗುವ ಜಾಗ ಅದು. ಬೆಳಕು ಹರಿಯುವ ಮೊದಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ನಡುವಿನ ಹಗಲು ಪೂರ್ತಿ ಗಂಡಸರದು. ಸಾಲೆಯಲ್ಲಿ ಸಂಡಾಸ ಇರಲಿಲ್ಲ, ಆಕೆಯ ಮನೆಯಲ್ಲೂ ಇರಲಿಲ್ಲ. ಆ ಊರಿನಲ್ಲಿ ಅದು ಇದ್ದ ಮನೆಗಳನ್ನು ಬೆರಳ ಮೇಲೆ ಎಣಿಸಬಹುದಿತ್ತು.

ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ದವಾಖಾನೆಗೆ ಓಡಿದೆ. ಡಾಕ್ಟರು ಗಾಜಿನ ಪಟ್ಟಿಯ ಮೇಲೆ ಉಪ್ಪುನೀರಿನ ಹನಿ ಹಾಕಿ ಬಹಳ ಹೊತ್ತು ಕಣ್ಣು ಕೀಲಿಸಿ ನೋಡಿ, ಕ್ರಿಮಿ ಇದೆ ಎಂದರು. ನನಗೆ ಸಮಾಧಾನವಾಯಿತು, ಕ್ರಿಮಿ ಇದ್ದರೆ ಔಷಧ ಇದೆ. ಎಮೆಟಿನ್ ಸೂಜಿ ಶುರು ಮಾಡಿದೆವು. ಅದು ಹೃದಯವನ್ನು ದಣಿಸುವ ಔಷಧ. ಪ್ರತಿ ಸಲ ನಾಡಿ ಹಿಡಿದು ನೋಡಿ, ಮಲಗಿಸಿ ಚುಚ್ಚಿ, ಸ್ವಲ್ಪ ಹೊತ್ತು ಏಳಗೊಡದೆ ಇಡಬೇಕು. ಆಕೆ ಮಲಗಿದಲ್ಲೇ ಬಾಗಿಲ ಕಡೆ ನೋಡುತ್ತಿದ್ದಳು. ಸೂಜಿ ಮುಗಿದ ಮೇಲೆ ಕೆಲವು ದಿನ ಹೊಟ್ಟೆ ತಡೆಯಿತು. ಆಮೇಲೆ ಮೊದಲಿಗಿಂತ ಜೋರಾಗಿ ತಿರುಗಿ ಬಂತು.

ಡಾಕ್ಟರು ತಲೆ ಕೆರೆದುಕೊಂಡು ಆಕೆಯನ್ನು ಸೊಲ್ಲಾಪುರಕ್ಕೆ ಕಳಿಸಿದರು. ಆಲಮಟ್ಟಿಯ ಆಣೆಕಟ್ಟಿನ ಸರ್ವೆ ಆಫೀಸಿನಲ್ಲಿ ಕಾರಕೂನನಾಗಿದ್ದ ಗಂಡ ರಜೆ ಹಾಕಿ, ತಾಯಿಗೆ ಹೆಂಗಸರ ತೊಂದರೆ ಎಂದಷ್ಟೇ ಹೇಳಿ, ಕರೆದುಕೊಂಡು ಹೋದ. ಅಲ್ಲಿ ದೀಪದ ಕೊಳವೆ ಹಾಕಿ ಒಳಗೆ ನೋಡಿದರು. ದೊಡ್ಡ ಕರುಳಿನ ತುಂಬ ಹುಣ್ಣು. ಕ್ರಿಮಿ ಸತ್ತಿದ್ದರೂ ಹುಣ್ಣು ಇದೆ, ಅದು ಬೇರೆಯದೇ ಬೇನೆ ಎಂದು ಹೇಳಿ ಕಳಿಸಿದರು. ನಮ್ಮ ಡಾಕ್ಟರು ಆಕೆಯನ್ನು ಎದುರಿಗೆ ಕೂಡಿಸಿಕೊಂಡು ಮುಚ್ಚುಮರೆ ಇಲ್ಲದೆ ಹೇಳಿದರು: "ಇದು ಪೂರಾ ಹೋಗೂ ಬ್ಯಾನಿ ಅಲ್ಲ ತಂಗಿ. ಏರತದ, ಇಳೀತದ. ಜೋಡಿ ಇಟಗೊಂಡ ಬಾಳವಿ ಮಾಡಬೇಕು."

ಆಕೆ ಅದಕ್ಕೆ ಅಳಲಿಲ್ಲ. "ಸಾಲಿಗೆ ಹೋಗಬಹುದೇನ್ರಿ?" ಎಂದಷ್ಟೇ ಕೇಳಿದಳು.

ಹಗಲಿಗೆ ಗುಳಿಗೆ. ಸಂಜೆಗೆ ಎನಿಮಾ, ಅದು ನನ್ನ ಪಾಲು. ಇದು ಹೊಟ್ಟೆ ತೊಳೆಯುವ ಎನಿಮಾ ಅಲ್ಲ, ಔಷಧವನ್ನು ಒಳಗೆ ನಿಲ್ಲಿಸುವ ಎನಿಮಾ. ಕುದಿಸಿ ಆರಿಸಿದ ಬೆಚ್ಚನೆಯ ನೀರಿನಲ್ಲಿ ಗುಳಿಗೆ ಕರಗಿಸಿ, ಸಣ್ಣ ರಬ್ಬರ್ ನಳಿಗೆಗೆ ಆಲಿಕೆ ಜೋಡಿಸಿ, ಹನಿ ಹನಿಯಾಗಿ ಬಿಡಬೇಕು. ರೋಗಿ ಎಡಮಗ್ಗುಲಾಗಿ ಮಲಗಬೇಕು. ಮಲಗುವ ಹೊರಸಿನ ಕಾಲ ಕಡೆಗೆ ಇಟ್ಟಂಗಿ ಕೊಟ್ಟು ಎತ್ತರ ಮಾಡಬೇಕು. ಬೆಳಗಿನ ತನಕ ಆ ಔಷಧ ಒಳಗೇ ಉಳಿದರೆ ಹುಣ್ಣಿಗೆ ಹತ್ತುತ್ತದೆ, ಎದ್ದು ಓಡಾಡಿದರೆ ಎಲ್ಲ ಹೊಳೆಗೆ ಹಾಕಿದಂತೆ. ಊಟ ಮೆತ್ತಗಿನದು: ನುಚ್ಚು, ಮಜ್ಜಿಗೆ, ಸ್ವಲ್ಪ ಸ್ವಲ್ಪ, ಹಗಲಿನಲ್ಲಿ ನಾಲ್ಕೈದು ಸಲ.

ಮೊದಲ ಸಂಜೆ ಡಬ್ಬಿ, ನಳಿಗೆ ಎಲ್ಲ ಬಟ್ಟೆಯಲ್ಲಿ ಸುತ್ತಿಕೊಂಡು ಆಕೆಯ ಮನೆಗೆ ಹೋದರೆ ಪಡಸಾಲೆಯ ತುಂಬ ಹೆಂಗಸರು. ಕೈಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ. ನಡುವೆ ಕಂಬಳಿಯ ಮೇಲೆ ಅಕ್ಕೋರು. ಒಬ್ಬೊಬ್ಬರಾಗಿ ಬಂದು ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಆಕೆಯ ಅತ್ತೆ, ಊರೆಲ್ಲ ಆಯಿ ಎಂದು ಕರೆಯುತ್ತಿದ್ದ ಗಟ್ಟಿ ಹೆಂಗಸು, ಬಾಗಿಲಲ್ಲಿ ನಿಂತು ಎಲ್ಲರನ್ನೂ ಸಾಲಾಗಿ ಬಿಡುತ್ತಿದ್ದಳು.

"ಬರ್ರಿ ನರ್ಸಬಾಯಾರ, ನೀವೂ ಬಂದ್ರಿ? ಮುಟ್ಟಿ ಹೋಗ್ರಿ, ಚಲೋ ಆಗ್ತದ. ನನ್ನ ಸೊಸಿ ಒಪ್ಪತ್ತ ಹಿಡದು ವರ್ಷ ಆಗಾಕ ಬಂತು. ಹಗಲ ಬಾಯಾಗ ಒಂದ ಹನಿ ನೀರ ಹಾಕೂದಿಲ್ಲ."

ಎನಿಮಾ ಡಬ್ಬಿ ಹಿಡಿದು ಪಾದ ಮುಟ್ಟುವವರ ಸಾಲಿನ ಹಿಂದೆ ನಿಂತವಳು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಅಕ್ಕೋರು ನನ್ನ ಕಡೆ ನೋಡಿದ ನೋಟದಲ್ಲಿ, ಬಾಯಿ ಬಿಡಬ್ಯಾಡ್ರಿ ಎನ್ನುವ ಬೇಡಿಕೆ ಇತ್ತು. ಡಬ್ಬಿಯನ್ನು ಸೆರಗಿನೊಳಗೆ ಸರಿಸಿದೆ. ಕತ್ತಲಾಗಿ ಹೆಂಗಸರು ಹೋದ ಮೇಲೆ, ಆಯಿಗೆ ಅದೇ ಹೆಂಗಸರ ತೊಂದರೆಯ ನೆಪ ಹೇಳಿ, ಆಕೆಯನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಅಗಳಿ ಹಾಕಿದೆ.

"ಏನಿದು ನಾಟಕ?"

ಆಕೆ ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದಳು. ಉಂಡರೆ ಹೊಟ್ಟೆ ತಿರುವುತ್ತದೆ. ಸಾಲೆಯಲ್ಲಿ ಹೋಗಲು ಜಾಗ ಇಲ್ಲ. ಒಮ್ಮೆ ಹಗಲಿನಲ್ಲಿ ತಂಬಿಗೆ ಹಿಡಿದು ಓಡಿದ್ದಕ್ಕೆ, ಊರ ಮಂದಿ ಏನು ಅಂದಾರು ಎಂದು ಅತ್ತೆ ವಾರಗಟ್ಟಲೆ ಬೈದಳು. ಅದಕ್ಕೆ ಹಗಲು ಉಣ್ಣುವುದನ್ನೇ ಬಿಟ್ಟಳು. ಜೊತೆಗೆ ಕಲಿಸುವ ಇನ್ನೊಬ್ಬ ಅಕ್ಕೋರು ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟಾಗ, ಬೇಡ ಎಂದರೆ ಕೆಟ್ಟೆನಿಸುತ್ತದೆಂದು, "ಇವತ್ತ ನಂದು ಉಪಾಸ" ಎಂದಳು. ಮರುದಿನವೂ ಅದನ್ನೇ ಹೇಳಬೇಕಾಯಿತು. ಆಕೆ ಮೊದಲೇ ಮಿತಭಾಷಿ, ಈಗ ಸೊರಗಿದ ಮುಖ ಬೇರೆ. ವ್ರತ ಎಂದು ಊರೇ ನಂಬಿತು. ಯಾರದೋ ಕೂಸಿನ ಜ್ವರ ಇಳಿದದ್ದೂ ಇವಳ ಲೆಕ್ಕಕ್ಕೆ ಬಂತು. ಬೈಯುತ್ತಿದ್ದ ಅತ್ತೆ ಸೊಸೆಗೆ ಬರ್ರಿ, ಕೂಡ್ರಿ ಎನ್ನತೊಡಗಿದಳು. ಬೆಳಿಗ್ಗೆ ಎದ್ದು ಆಕೆಯೇ ಮೊದಲು ಪಾದ ಮುಟ್ಟುತ್ತಿದ್ದಳು.

"ಈಗ ಬ್ಯಾನಿ ಅಂತ ಹ್ಯಾಂಗ ಹೇಳ್ಲಿ ಬಾಯಾರ? ಅದೂ ಇಂಥಾ ಬ್ಯಾನಿ?"

ನನಗೆ ಮೈ ಉರಿಯಿತು. ಯಾರ ಮೇಲೆ ಎಂದು ತಿಳಿಯಲಿಲ್ಲ. ರಕ್ತ ಹೋಗುವ ದೇಹಕ್ಕೆ ಹಗಲಿಡೀ ಅನ್ನವಿಲ್ಲ, ನೀರಿಲ್ಲ. ಸಂಜೆ ಔಷಧ ಹಾಕಿಸಿಕೊಂಡು ಮಲಗಬೇಕಾದ ಹೊತ್ತಿಗೆ ದೇವರಾಗಿ ಕೂಡಬೇಕು. ಎತ್ತರದಲ್ಲಿ ಇಡಬೇಕಾದ ಕಾಲುಗಳನ್ನು ಮಂದಿಗೆ ಮುಟ್ಟಲು ಚಾಚಬೇಕು. ಆಮೇಲೆ ಹಾಕಿದ ಔಷಧ ನಿಲ್ಲದೆ ಹೊರಬರುತ್ತಿತ್ತು, ದಣಿವಿಗೋ ಅಂಜಿಕೆಗೋ. ವಾರಗಳು ಕಳೆದವು. ತೂಕದ ಯಂತ್ರದ ಮುಳ್ಳು ಪ್ರತಿ ಸಲ ಹಿಂದಕ್ಕೇ ನಿಲ್ಲುತ್ತಿತ್ತು.

ಒಂದು ಸಂಜೆ ನಳಿಗೆ ತೊಳೆಯುತ್ತಿದ್ದಾಗ ಆಕೆ ತಾನಾಗಿ ಮಾತಾಡಿದಳು.

"ಪಾಠಾ ಹೇಳೂ ಮುಂದ ಹುಡುಗ್ಯಾರ ಮಾರಿ ಕಾಣೂದಿಲ್ರಿ. ಬಾಗಲಾ ಎಷ್ಟ ದೂರ ಐತಿ, ಅದ ಕಾಣತದ. ತವರಮನಿ ಗೊಳಸಂಗಿ, ಇಲ್ಲೇ ಐತಿ. ಬಸ್ಸಿನ್ಯಾಗ ಕುಂದ್ರಾಕ ಅಂಜಿ ತಮ್ಮನ ಮದುವಿಗೂ ಹೋಗಲಿಲ್ಲ. ರಾತ್ರಿ ನಿದ್ದಿ ಇಲ್ಲ. ನಾ ಮನಷ್ಯಾಳ ಆಗಿ ಉಳದಿಲ್ರಿ ಬಾಯಾರ. ಬರೇ ಒಂದ ಹೊಟ್ಟಿ ಆಗೇನಿ." ಅದೇ ದನಿಯಲ್ಲಿ, "ನೀರಿಗೆ ಹೋದ್ರ ಬಾವಿ ಬಿಟ್ಟು ಮನಿಗೆ ಬರೂ ಮನಸ ಆಗೂದಿಲ್ಲ ಈಗ" ಎಂದಳು.

ನಳಿಗೆ ಕೆಳಗಿಟ್ಟೆ. ಆ ಮಾತು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ತಿಳಿದುಕೊಳ್ಳಬೇಕಾಗಿರಲಿಲ್ಲ. ನಾಳೆಯಿಂದ ಒಬ್ಬಳೇ ನೀರಿಗೆ ಹೋಗಕೂಡದು ಎಂದು ಆಣೆ ಹಾಕಿಸಿಕೊಂಡೆ. ನೀರು ತರುವ ಕೆಲಸ ಅತ್ತೆಗೆ ಬೀಳುವಂತೆ, ಸೊಂಟ ಬಗ್ಗಿಸಕೂಡದೆಂದು ಡಾಕ್ಟರು ಹೇಳಿದ್ದಾರೆ ಎಂದು ಆಯಿಗೂ ಹೇಳಿ ಬಂದೆ.

ಮರುದಿನ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಕಣ್ಣು ಉಜ್ಜಿಕೊಂಡರು. ಕರುಳಿಗೆ ಔಷಧ ತಮ್ಮ ಹತ್ತಿರ ಇದೆ, ಇದಕ್ಕೆ ಇಲ್ಲ ಎಂದರು. ಮನಸ್ಸಿನ ಡಾಕ್ಟರಿಗೆ ತೋರಿಸೋಣ ಎಂದರೆ ಧಾರವಾಡದ ಆಸ್ಪತ್ರೆಯ ಹೆಸರು ಹೇಳಬೇಕು, ಆ ಹೆಸರು ಎತ್ತಿದರೆ ಸಾಕು, ನಮ್ಮ ಕಡೆ ಹುಚ್ಚು ಎಂದೇ ಅರ್ಥ. ಆಕೆಯ ನೌಕರಿ ಮುಗಿದಂತೆ. ಕಡೆಗೆ ಡಾಕ್ಟರಿಗೆ ಒಂದು ಉಪಾಯ ಹೊಳೆಯಿತು. ವ್ರತ ಎಂದು ನಂಬಿದ್ದಾರಲ್ಲ, ನಂಬಲಿ. ಮನೆತನದ ಗುರುಗಳಾದ ಐನಾರು ಬಂದು ವ್ರತ ಬಿಡಿಸಿದರೆ ಆಕೆ ಮರ್ಯಾದೆಯಿಂದ ಉಣ್ಣಬಹುದು, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ನನಗೂ ಅದೇ ಸರಿ ಎನಿಸಿತು. ಆ ಮನೆತನದ ಐನಾರನ್ನು ಹುಡುಕಿಕೊಂಡು ಹೋದೆ. ಮುದುಕರು, ಕಟ್ಟೆಯ ಮೇಲೆ ಕೂತು ವಿಭೂತಿ ಉಂಡೆ ಕಟ್ಟುತ್ತಿದ್ದರು. ನನ್ನ ಮಾತು ಪೂರ್ತಿ ಕೇಳಿಸಿಕೊಂಡರು.

"ನಾ ಹಿಡಿಸಿದ ವ್ರತಾ ಆಗಿದ್ರ ಬಿಡಸ್ತಿದ್ನೆವಾ. ನನ್ನ ಕಡೆ ಆಕಿ ಯಾವ ವ್ರತಾನೂ ಹಿಡಕೊಂಡಿಲ್ಲ. ಇಲ್ಲದ್ದನ್ನ ಬಿಡಸಿದ್ರ, ಇತ್ತು ಅಂತ ನಾನ ಸಾಕ್ಷಿ ಹೇಳಿದಂಗ ಆಗ್ತದ. ಆಮ್ಯಾಲ ಮಂದಿ ಆಕಿನ್ನ ಮತ್ತೊಂದು ಹಿಡೀರಿ ಅಂತಾರ. ಆಗ ಏನ ಮಾಡ್ತಿ?"

ಬೈದುಕೊಳ್ಳುತ್ತಲೇ ತಿರುಗಿ ಬಂದೆ, ಆದರೆ ದಾರಿಯುದ್ದಕ್ಕೂ ಮುದುಕರ ಮಾತೇ ಸರಿ ಎನಿಸುತ್ತಿತ್ತು.

ಅಷ್ಟರಲ್ಲಿ ರಮಜಾನ ಬಂತು. ರೋಜಾದ ಉಪವಾಸ ಹಿಡಿದು ದವಾಖಾನೆಯ ಕೆಲಸ ಮಾಡುವುದು ಹೊಸದೇನಲ್ಲ, ಆದರೆ ಆ ಸಲದ ಬಿಸಿಲಿಗೆ ನನಗೂ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಅಂಥದೊಂದು ಮಧ್ಯಾಹ್ನ ಸಾಲೆಯಿಂದ ಹೇಳಿಕಳಿಸಿದರು, ಅಕ್ಕೋರು ಬಿದ್ದಿದ್ದಾರೆ ಎಂದು. ಓಡಿಹೋದರೆ ಸುತ್ತ ಹೆಂಗಸರು ಮುತ್ತಿದ್ದಾರೆ. ಮೈಯಾಗ ದೇವರ ಬಂದಾನ ಎಂದು ಕರ್ಪೂರ ಹಚ್ಚಿದ್ದಾರೆ. ಬಾಯಿಗೆ ನೀರು ಬಿಡಲು ಹೋದರೆ ಒಬ್ಬಳು ನನ್ನ ಕೈ ಹಿಡಿದಳು, ಉಪಾಸ ಮುರೀತದ ಎಂದು. ಜನ್ಮದಲ್ಲಿ ಯಾರಿಗೂ ಬೈಯದ ಹಾಗೆ ಅವತ್ತು ಬೈದೆ. ಎಲ್ಲರನ್ನೂ ಹೊರಗೆ ಹಾಕಿ, ಬಾಗಿಲು ಮುಚ್ಚಿ, ಆಕೆಯ ತಲೆ ತೊಡೆಯ ಮೇಲೆ ಇಟ್ಟುಕೊಂಡು ಸಕ್ಕರೆ ಉಪ್ಪು ಹಾಕಿದ ನೀರನ್ನು ಚಮಚದಿಂದ ಕುಡಿಸಿದೆ. ಕಣ್ಣು ತೆರೆದು ಆಕೆ ಕೇಳಿದ್ದು, "ಸೀರಿ ಹೊಲಸ ಆಗೇತೇನ್ರಿ?"

ಆಗಿತ್ತು. ನನ್ನ ಏಪ್ರನ್ ಬಿಚ್ಚಿ ಸುತ್ತಿದೆ. ಹೀಗೆ ಮುಚ್ಚುತ್ತಾ ಹೋದರೆ ಇವಳು ಉಳಿಯುವುದಿಲ್ಲ ಎಂದು ಅಲ್ಲೇ ಕೂತು ನಿರ್ಧಾರ ಮಾಡಿದೆ. ಊರಿಗೆಲ್ಲ ಹೇಳಬೇಕಾಗಿಲ್ಲ. ಆ ಮನೆಯೊಳಗೆ ಒಬ್ಬರಿಗಾದರೂ ಗೊತ್ತಾಗಬೇಕು, ಅದೂ ಬಾಯಿಮಾತಿನಿಂದಲ್ಲ.

"ಇವತ್ತ ಸಂಜಿಗೆ ನಿಮ್ಮ ಅತ್ತೀನ ಒಳಗ ಕರೀತೇನಿ. ಬ್ಯಾಡ ಅಂದ್ರ ಕರಿಯೂದಿಲ್ಲ. ಆದ್ರ ನನ್ನ ಒಬ್ಬಾಕಿ ಕೈಲೆ ಇದು ಆಗೂದಿಲ್ಲ ಅಕ್ಕೋರ. ನಾ ಸೋತೇನಿ."

ಆಕೆ ನನ್ನ ಏಪ್ರನ್ನಿನ ಅಂಚು ಮಡಚಿದಳು, ಬಿಚ್ಚಿದಳು. "ಕರೀರಿ" ಎಂದಳು ಕಡೆಗೆ. "ಸತ್ತ ಮ್ಯಾಲ ತಿಳಿಯೂದಕ್ಕಿಂತ ಚಲೋ."

ಸಂಜೆ ಪಡಸಾಲೆಯಲ್ಲಿ ಎಂದಿಗಿಂತ ಹೆಚ್ಚು ಮಂದಿ. ಮೈಯಲ್ಲಿ ದೇವರು ಬಂದ ಸುದ್ದಿ ಹಬ್ಬಿತ್ತು. ನಾನು ಎಲ್ಲರೆದುರೇ ಆಯಿಯನ್ನು ಒಳಗೆ ಕರೆದು ಅಗಳಿ ಹಾಕಿದೆ. ಹೊರಸು, ಇಟ್ಟಂಗಿ, ಬೆಚ್ಚನೆಯ ನೀರು ಎಲ್ಲ ಸಜ್ಜಾಗಿತ್ತು. ದಿನಾ ನಾನು ಸುತ್ತಿ ಮುಚ್ಚಿಕೊಂಡು ಒಯ್ಯುತ್ತಿದ್ದ ರಕ್ತದ ಅರಿವೆಗಳನ್ನು ಅವತ್ತು ಮುಚ್ಚಲಿಲ್ಲ.

ಆಯಿ ಅವನ್ನು ನೋಡಿದಳು. "ಇದೇನ್ರಿ? ಮುಟ್ಟಿಂದೇನು?"

"ಅಲ್ರಿ ಆಯಿ. ಕರಳಿಂದು. ವರ್ಷ ಆತು, ದಿನಾ ಹಿಂಗ ಹೋಗತೈತಿ."

"ಮತ್ತ ವ್ರತಾ?"

"ವ್ರತಾ ಇಲ್ಲ. ಹಗಲ ಉಂಡ್ರ ಹೋಗಾಕ ಜಾಗಾ ಇಲ್ಲ, ಅದಕ್ಕ ಉಣ್ಣೂದಿಲ್ಲ."

ಆಯಿಗೆ ಸಿಟ್ಟು ಬಂತು. "ನೀವೂ ದಿನಾ ಉಪಾಸ ಅದೀರಲ್ರಿ ಈಗ. ನಿಮಗೇನ ಆಗೇತಿ?"

"ನಂದು ಸಂಜಿಗೆ ಮುಗೀತದ, ತಿಂಗಳಿಗೆ ಮುಗೀತದ. ಬ್ಯಾನಿ ಬಿದ್ದವರಿಗೆ ನಮ್ಮೊಳಗ ರೋಜಾ ಮಾಫ್ ಐತಿ. ನಿಮ್ಮ ಸೊಸಿಗೆ ಯಾರ ಮಾಫ್ ಮಾಡಬೇಕ್ರಿ ಆಯಿ?"

ಉತ್ತರಕ್ಕೆ ಕಾಯಲಿಲ್ಲ. ಆಲಿಕೆಯನ್ನು ಅವಳ ಕೈಗೆ ಕೊಟ್ಟೆ. "ಹಿಡೀರಿ. ಭಾಳ ಎತ್ತಬ್ಯಾಡ್ರಿ. ಹೊರಸಿಗಿಂತ ಒಂದ ಗೇಣ ಮ್ಯಾಲ ಇರಲಿ. ಎತ್ತರಾದ್ರ ಜೋರ ಹೋಗ್ತದ, ಒಳಗ ನಿಲ್ಲೂದಿಲ್ಲ. ಕೈ ಅಲಗಿಸಬ್ಯಾಡ್ರಿ."

ನಾನು ನಳಿಗೆಗೆ ಎಣ್ಣೆ ಹಚ್ಚಿ ಹಾಕಿದೆ. ಔಷಧ ಇಳಿಯತೊಡಗಿತು. ಅಕ್ಕೋರು ಗೋಡೆಯ ಕಡೆ ಮುಖ ಮಾಡಿ, ಮುಷ್ಟಿ ಬಿಗಿಹಿಡಿದು ಮಲಗಿದ್ದಳು, ಬೆನ್ನಿನ ಎಲುಬು ಒಂದೊಂದೂ ಕಾಣುತ್ತಿತ್ತು. ಆಯಿಯ ಕೈ ಅಲುಗಲಿಲ್ಲ. ಹೊರಗಿನಿಂದ ಯಾರೋ ಕೂಗಿದರು, ಆಯಿ, ಅಕ್ಕೋರ ಯಾವಾಗ ಹೊರಗ ಬರ್ತಾರ ಎಂದು. ಆಯಿ ಆಲಿಕೆಯಿಂದ ಕಣ್ಣು ಎತ್ತಲಿಲ್ಲ. ಆಲಿಕೆ ಖಾಲಿಯಾದ ಮೇಲೂ ಹಾಗೇ ಹಿಡಿದು ನಿಂತಿದ್ದಳು, ನಾನೇ ತೆಗೆದುಕೊಳ್ಳಬೇಕಾಯಿತು. ಆಮೇಲೆ ಹೊರಸಿನ ಪಕ್ಕ ಕೂತು ಸೊಸೆಯ ಹೊಟ್ಟೆಯ ಮೇಲೆ ಕೈ ಇಟ್ಟಳು.

"ಯವ್ವಾ, ಇಷ್ಟ ದಿನಾ ನಿನ್ನ ಪಾದಾ ಮುಟ್ಟಿದ್ನಿ. ಹೊಟ್ಟಿ ಮುಟ್ಟಿ ನೋಡಲಿಲ್ಲಲ್ಲ."

ಅಕ್ಕೋರು ಅತ್ತಳು. ಸೊಲ್ಲಾಪುರದಲ್ಲಿ ಅಳದವಳು, ಡಾಕ್ಟರ ಮುಂದೆ ಅಳದವಳು, ಹೊರಸು ಅಲುಗುವ ಹಾಗೆ ಅತ್ತಳು. ಔಷಧ ಹೊರಗೆ ಬರುತ್ತದೆ, ಅಳಬೇಡಿ ಎಂದು ನಾನು ಗದರಿಸಬೇಕಾಗಿತ್ತು. ಗದರಿಸದೆ ಅರಿವೆ ಮಡಚುತ್ತ ಕೂತೆ.

ಆಯಿ ಅಗಳಿ ತೆಗೆದು ಹೊರಗೆ ಹೋದಳು. "ವ್ರತಾ ಇಲ್ಲ, ಏನ ಇಲ್ಲ. ನನ್ನ ಸೊಸಿಗೆ ಕರಳಿನ ಬ್ಯಾನಿ ಐತಿ. ನಾಳಿಂದ ಹಗಲೀ ಉಣ್ತಾಳ. ಇನ್ನ ಮನೀಗೆ ಹೋಗ್ರಿ." ಒಬ್ಬಳು ತಾನು ಇಟ್ಟಿದ್ದ ತೆಂಗಿನಕಾಯಿ ತಿರುಗಿ ಎತ್ತಿಕೊಂಡು ಹೋದಳು. ಅತ್ತೆಗೆ ಹೊಟ್ಟೆಕಿಚ್ಚು ಎಂದವರುಂಟು, ನರ್ಸಬಾಯಿ ವ್ರತ ಕೆಡಿಸಿದಳು ಎಂದವರೂ ಉಂಟು. ಆ ಮಾತು ಮುಖಕ್ಕೆ ಬಂದಾಗಲೂ ಉತ್ತರ ಕೊಡುವಷ್ಟು ಶಕ್ತಿ ನನ್ನಲ್ಲಿ ಇರಲಿಲ್ಲ. ಆಯಿಗೆ ಇತ್ತು. ಬಜಾರದಲ್ಲಿ ನಿಂತು ಸರಿಯಾಗಿ ಕೊಡುತ್ತಿದ್ದಳು.

ಭಾನುವಾರ ಮಗ ಆಲಮಟ್ಟಿಯಿಂದ ಬಂದ ಕೂಡಲೆ ಅವನ ಕೈಗೆ ಗುದ್ದಲಿ ಕೊಟ್ಟು, ಹಿತ್ತಲಿನ ಬಣವೆಯ ಹಿಂದೆ ಸಂಡಾಸದ ಗುಂಡಿ ತೋಡಿಸಿ, ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿಸಿದಳು. ಆಮೇಲೆ ಸಾಲೆಗೆ ಹೋಗಿ ದೊಡ್ಡ ಅಕ್ಕೋರ ಜೊತೆ ಜಗಳ ತೆಗೆದಳು. ಅಲ್ಲಿಯೂ ಹಿಂದಿನ ಗೋಡೆಗೆ ಒಂದು ತಟ್ಟಿ ಎದ್ದಿತು. ಗುಂಡಿ ತೋಡಿದವನು, ಪಾದ ಮುಟ್ಟಲು ಬರುತ್ತಿದ್ದ ಹೆಂಗಸೊಬ್ಬಳ ಗಂಡ.

ಬೇನೆ ಹೋಗಲಿಲ್ಲ. ಡಾಕ್ಟರು ಹೇಳಿದಂತೆ ಇಳಿಯಿತು, ಏರಿತು. ಮಳೆಗಾಲದಲ್ಲಿ ಮತ್ತೆ ರಕ್ತ ಕಂಡಿತು, ಮತ್ತೆ ಎನಿಮಾ ಹಿಡಿದೆವು. ಆದರೆ ಈಗ ಆಲಿಕೆ ಹಿಡಿಯುವ ಕೈ ಬೇರೆ ಇತ್ತು, ನಾನು ದಿನ ಬಿಟ್ಟು ದಿನ ಹೋದರೂ ನಡೆಯುತ್ತಿತ್ತು. ಬಾವಿಯ ಮಾತನ್ನು ಒಮ್ಮೆ ನಾನೇ ಎತ್ತಿ ಕೇಳಿದೆ. "ಆಗೊಮ್ಮಿ ಈಗೊಮ್ಮಿ ಬರ್ತದ್ರಿ. ಬಂದ್ರ ಅತ್ತೀಗೆ ಹೇಳ್ತೇನಿ" ಎಂದಳು. ಅಷ್ಟು ಸಾಕೆನಿಸಿತು.

ನನಗೆ ಸಿಂದಗಿಗೆ ವರ್ಗವಾಗುವ ಮೊದಲು ಕಡೆಯ ಸಲ ಆ ಸಾಲೆಗೆ ದೇವಿ ಚುಚ್ಚಲು ಹೋದೆ. ಮುಗಿಯುವ ಹೊತ್ತಿಗೆ ನಡುಹಗಲು. ಹುಡುಗಿಯರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು. ನಡುವೆ ಅಕ್ಕೋರು ಗಂಗಾಳದಲ್ಲಿ ನುಚ್ಚು ಮಜ್ಜಿಗೆ ಕಲಸಿಕೊಂಡು ಕೂತಿದ್ದಳು. ನನಗೂ ಒಂದು ಪಾಲು ಹಾಕಿಸಿದಳು. ಬಿಸಿಲಿನಲ್ಲಿ, ಎಲ್ಲರೆದುರು ಆಕೆ ಉಣ್ಣುವುದನ್ನು ನಾನು ಮೊದಲ ಸಲ ನೋಡಿದೆ.

ಅರ್ಧಕ್ಕೆ ಆಕೆಯ ಕೈ ನಿಂತಿತು. ಮುಖ ಸಣ್ಣದಾಯಿತು. ನನಗೆ ಆ ಮುಖ ಗೊತ್ತಿತ್ತು.

"ನನ್ನ ಗಂಗಾಳ ಯಾರೂ ತಗೀಬ್ಯಾಡ್ರೆ. ಬರ್ತೇನಿ" ಎಂದು ಹುಡುಗಿಯರಿಗೆ ಹೇಳಿ, ಮೂಲೆಯ ತಂಬಿಗೆ ಎತ್ತಿಕೊಂಡು ಗೋಡೆಯ ಹಿಂದಕ್ಕೆ ನಡೆದಳು. ಹುಡುಗಿಯರು ತಲೆ ಎತ್ತಿ ನೋಡಲೂ ಇಲ್ಲ, ಒಬ್ಬಳು ನೊಣ ಕೂಡದಂತೆ ಗಂಗಾಳದ ಮೇಲೆ ತಾನು ಬರೆಯುವ ಪಾಟಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅಕ್ಕೋರು ತಿರುಗಿ ಬಂದಳು. ಕೈ ತೊಳೆದುಕೊಂಡಳು, ಪಾಟಿ ಸರಿಸಿದಳು, ಉಳಿದದ್ದನ್ನು ಉಣ್ಣಲು ಕೂತಳು.